ಮೇಲ್‌ಬಾಕ್ಸಿನ ಹತ್ತಿರ ನಿಂತವರು

ಶಿಕಾಗೋದ ನನ್ನ ಅಪಾರ್ಟ್‌ಮೆಂಟಿನ ಗೋಡೆಯಾಚೆ ಈಚೆಗೆ ಒಂದು ಯಂತ್ರ ಗುಂಯ್ ಎನ್ನುತ್ತಿರುತ್ತದೆ. ನಡುನಡುವೆ ಯಾರೋ ನಿಟ್ಟುಸಿರು ಬಿಟ್ಟಂಥ ಸದ್ದು. ಪಕ್ಕದ ಮನೆಗೆ ಆಕ್ಸಿಜನ್ ಮಷಿನ್ ಬಂದಿದೆ ಎಂದು ಯಾರೂ ನನಗೆ ಹೇಳಬೇಕಾಗಲಿಲ್ಲ. ನಾನು ಬೆಳೆದ ಲಿವೋನಿಯಾ ಊರಿನ ನಮ್ಮ ಮನೆಯಲ್ಲಿ ಅಂಥವು ಎರಡಿದ್ದವು, ಒಂದು ಅಜ್ಜಿಯದು, ಇನ್ನೊಂದು ಅಪ್ಪನದು. ಆಕ್ಸಿಜನ್ನಿಗೆ ಬೆಂಕಿ ತಾಗಬಾರದೆಂದು ಒಲೆ ಹೊತ್ತಿಸುವ ಮುಂಚೆ ಅಮ್ಮ ಇಬ್ಬರನ್ನೂ ಅಡುಗೆಮನೆಯಿಂದ ಆಚೆ ಕಳಿಸುತ್ತಿದ್ದಳು. ಅವರ ಹಿಂದೆ ಮೂಗಿಗೆ ಗಾಳಿ ತರುವ ಉದ್ದನೆಯ ಎರಡು ನಳಿಗೆಗಳು ಕಾರ್ಪೆಟ್ಟಿನ ಮೇಲೆ ಹರಿದುಕೊಂಡು ಹೋಗುತ್ತಿದ್ದವು. ಆಗಾಗ ಅವು ತೊಡರಿಕೊಂಡು, ಅಪ್ಪ ಎದ್ದರೆ ಅಜ್ಜಿಯ ಮೂಗು ಎಳೆದಂತಾಗುತ್ತಿತ್ತು. “ಒಂದ ಹಗ್ಗಕ್ಕ ಎರಡ ಎತ್ತು ಕಟ್ಟ್ಯಾರ ನೋಡವಾ,” ಎಂದು ಅಜ್ಜಿ ನನ್ನ ಕಡೆ ನೋಡಿ ನಗುತ್ತಿದ್ದಳು. ಅಪ್ಪ ನಗುತ್ತಿರಲಿಲ್ಲ.

ಕಾಯಿಲೆ ಇಬ್ಬರಿಗೂ ಒಂದೇ. ಅಜ್ಜಿಯ ಪುಪ್ಪುಸವನ್ನು ಗದಗಿನ ಅಡುಗೆಮನೆಯ ಕಟ್ಟಿಗೆ ಹೊಗೆ ತಿಂದಿತ್ತು, ಅಪ್ಪನದನ್ನು ಕಾಲೇಜಿನಲ್ಲಿ ಹಿಡಿದ ಸಿಗರೇಟು. ವಯಸ್ಸಾದಷ್ಟೂ ರೋಗ ಭಾರ ಎಂದು ನಾವು ತಿಳಿದಿರುತ್ತೇವೆ. ನಮ್ಮ ಮನೆಯಲ್ಲಿ ನಾನು ಕಂಡದ್ದು ಬೇರೆ. ಎಂಬತ್ತರ ಹತ್ತಿರವಿದ್ದ ಅಜ್ಜಿ ಮೂಗುತಿಯ ಪಕ್ಕದಲ್ಲೇ ನಳಿಗೆ ಸಿಕ್ಕಿಸಿಕೊಂಡು, ಸಣ್ಣ ಸಿಲಿಂಡರಿಗೆ ಇಳಕಲ್ ಸೀರೆಯ ಚೀಲ ಹೊಲಿದು, ದೇವಸ್ಥಾನಕ್ಕೂ ಮದುವೆಗಳಿಗೂ ಹೊರಡುತ್ತಿದ್ದಳು. ಐವತ್ತೂ ಆಗದ ಅಪ್ಪ ಕಾರ್ಖಾನೆಯ ಕೆಲಸ ಬಿಟ್ಟ ಮೇಲೆ ಗರಾಜಿನ ಬಾಗಿಲು ದಾಟುವುದನ್ನೂ ಬಿಟ್ಟಿದ್ದ. ಹೀಗೇ ಕೂತರೆ ಮಂಚ ಹಿಡಿಯುತ್ತೀರಿ, ಆಕ್ಸಿಜನ್ ಹಾಕಿಕೊಂಡು ದಿನವೂ ನಡೆಯಿರಿ ಎಂದು ಡಾಕ್ಟರ್ ಎಚ್ಚರಿಸಿದ್ದರು.

“ನಿನಗ ವಯಸ್ಸಾಗೇದ ಅವ್ವಾ, ಯಾರೂ ಕೇಳೂದಿಲ್ಲ. ನನ್ನ ನೋಡಿದವರು ಏನಾತು ಅಂತ ಕೇಳ್ತಾರ,” ಎಂದ ಅಪ್ಪ.

“ಹೋಗ್ಲಿ ಬಿಡು ಬಸು. ನನಗರ ಜೋಡಿ ಬಾ.”

ಹಾಗೆ ಅವರ ಸಂಜೆಯ ನಡಿಗೆ ಶುರುವಾಯಿತು. ಅಪ್ಪ ನಳಿಗೆಯಿಲ್ಲದೆಯೇ ಹೊರಟ. ಹಿಂದೆ ಸೈಕಲ್ಲಿನ ಮೇಲೆ ನಾನು. ನಮ್ಮ ಬಡಾವಣೆಯಲ್ಲಿ ಪ್ರತಿ ಮನೆಯ ಡ್ರೈವ್‌ವೇ ರಸ್ತೆಗೆ ಸೇರುವಲ್ಲಿ, ಗಿಡ್ಡ ಕಂಬದ ಮೇಲೆ, ಟಪಾಲು ಹಾಕುವ ಒಂದು ಮೇಲ್‌ಬಾಕ್ಸ್. ಅಜ್ಜಿ ಒಂದೊಂದರ ಹತ್ತಿರವೂ ನಿಂತು, ಅದರ ತಲೆಯ ಮೇಲೆ ಕೈಯಿಟ್ಟು, “ನಿಂದ್ರಪಾ, ನನಗ ದಮ್ಮು ಹತ್ತೇದ,” ಎನ್ನುತ್ತಿದ್ದಳು. ಅಪ್ಪ ಪಕ್ಕದಲ್ಲಿ ನಿಂತು ಬೇರೆಯವರ ಅಂಗಳದ ಹುಲ್ಲು ನೋಡುತ್ತಿದ್ದ. ಅವನ ಹೆಗಲು ಏರಿಳಿಯುವುದು ನಿಧಾನವಾದ ಮೇಲೆಯೇ ಅಜ್ಜಿ ಮುಂದಿನ ಹೆಜ್ಜೆ ಇಡುತ್ತಿದ್ದಳು.

ಬೇಸಿಗೆಯಲ್ಲಿ ಒಮ್ಮೆ ಮನೆಗೆ ಬಂದ ನರ್ಸ್, ಬೆರಳಿಗೆ ಆಕ್ಸಿಜನ್ ಅಳೆಯುವ ಮೀಟರ್ ಹಾಕಿ ಅಜ್ಜಿಯನ್ನು ಹೊರಗೆ ನಡೆಸಿಕೊಂಡು ಬಂದಳು. ಅಮ್ಮನಿಗೆ ಹೇಳಿದಳು: ನಿಮ್ಮ ಅತ್ತೆ ಬೀದಿಯ ತುದಿಗೆ ಹೋಗಿ ಬಂದರು, ಎಲ್ಲೂ ನಿಲ್ಲಬೇಕಾಗಲಿಲ್ಲ. ಸೋಫಾದಲ್ಲಿದ್ದ ಅಪ್ಪ ತಲೆಯೆತ್ತಿ ಅಜ್ಜಿಯನ್ನು ನೋಡಿದ. ಅಜ್ಜಿ ಆಗಲೇ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು.

ಆ ಸಂಜೆ ಅಪ್ಪ ತನ್ನ ಸಿಲಿಂಡರನ್ನು ಹೆಗಲಿಗೆ ಹಾಕಿಕೊಂಡು ಬಂದ. ಮೊದಲ ಮೇಲ್‌ಬಾಕ್ಸಿನ ಹತ್ತಿರ ತಾನೇ ನಿಂತ.

“ಅವ್ವಾ, ನಿಂದ್ರು. ನನಗ ದಮ್ಮು ಹತ್ತೇದ.”

“ನಿಂತೇನಿ,” ಎಂದಳು ಅಜ್ಜಿ.

ಹುಲ್ಲಿಗೆ ನೀರು ಹಾಕುತ್ತಿದ್ದ ಎದುರುಮನೆಯವರು ಕೈ ಎತ್ತಿದರು. ಅಪ್ಪನೂ ಎತ್ತಿದ. ಅನಂತರ ನಾನು ವರದಿಗಾರ್ತಿಯಾಗಿ ದೊಡ್ಡ ದೊಡ್ಡವರು ತಲೆಯೆತ್ತಿ ನಡೆದದ್ದನ್ನು ನೋಡಿದ್ದೇನೆ, ಬರೆದಿದ್ದೇನೆ. ಅವರಿಬ್ಬರ ಹಿಂದೆ ಸೈಕಲ್ ತುಳಿದ ಆ ಸಂಜೆಯ ಹೆಮ್ಮೆ ಮತ್ತೆ ಬಂದಿಲ್ಲ.

ಅಜ್ಜಿ ಹೋದ ಮೇಲೂ ಅಪ್ಪ ನಡಿಗೆ ಬಿಡಲಿಲ್ಲ. ಅರವತ್ತು ದಾಟಿದಾಗ, “ಈಗ ಈ ನಳಿಗಿ ನನ್ನ ವಯಸ್ಸಿಗೆ ಒಪ್ಪೇದ,” ಎಂದು ನಗುತ್ತಿದ್ದ. ಹೋದ ವರ್ಷ ಅವನೂ ಹೋದ. ಮನೆ ಮಾರಿ, ಕೀಲಿ ಕೊಟ್ಟು, ನಾನು ಬೀದಿಯ ತುದಿಯವರೆಗೆ ನಡೆದೆ. ನನಗೆ ದಮ್ಮು ಹತ್ತಿರಲಿಲ್ಲ. ಆದರೂ ಒಂದೊಂದು ಮೇಲ್‌ಬಾಕ್ಸಿನ ಹತ್ತಿರವೂ ನಿಂತೆ.