ಕೆಂಡಪ್ಪನ ಮುಖಕ್ಕೆ ಕ್ರೀಮು

ಹೆಂಡತಿಯ ತಮ್ಮನ ಮೇಲೆ ಕೆಂಡಪ್ಪನಿಗೆ ಹನ್ನೆರಡು ವರ್ಷದ ಸಿಟ್ಟು. ಗ್ಯಾರೇಜಿನಲ್ಲಿ ಇವನು ಕಪ್ಪು ಕಾರೊಂದರ ಬಾನೆಟ್ಟಿಗೆ ಕೊನೆಯ ಕೋಟು ಬಣ್ಣ ಹೊಡೆಯುವ ಮುಂಚೆ, ಕೈಗೆ ಕ್ರೀಮು ಸವರಿಕೊಂಡಿದ್ದ ಆ ಪುಣ್ಯಾತ್ಮ ಅದನ್ನು ಮುಟ್ಟಿದ್ದ. ಬಣ್ಣ ಬಿದ್ದದ್ದೇ ತಡ, ಜಿಡ್ಡಿನ ಮೇಲೆ ಹಿಡಿಯದೆ ಬಾನೆಟ್ಟಿನ ತುಂಬ ಮೀನಿನ ಕಣ್ಣಿನಂಥ ಕುಳಿಗಳು. ಎಲ್ಲ ಉಜ್ಜಿ ತೆಗೆದು ಮತ್ತೆ ಹೊಡೆಯಲು ಮೂರು ದಿನ ಹಿಡಿಯಿತು. ಕೆಂಡಪ್ಪ ಇದನ್ನು ಮರೆತಿಲ್ಲ, ಮರೆಯುವುದೂ ಇಲ್ಲ. ಯಾರು ಏನಾದರೂ ಅಂದುಕೊಳ್ಳಲಿ.

ಕೆಂಡಪ್ಪ ಎಂಬುದು ಗ್ಯಾರೇಜಿನವರು ಇಟ್ಟ ಹೆಸರು. ಕೋಪ ಸದಾ ಮೂಗಿನ ತುದಿಯಲ್ಲಿ. ಆದರೆ ಬಣ್ಣ ಚಿಮ್ಮುವ ಗನ್ನು ಹಿಡಿದನೆಂದರೆ ಕೈ ನೀರಿನಂತೆ ಹರಿಯುತ್ತಿತ್ತು. ಐದನೇ ಕ್ಲಾಸಿಗೇ ಶಾಲೆ ಬಿಟ್ಟವನು. ಕಲಿತದ್ದೆಲ್ಲ ತಗಡಿನ ಮೇಲೆ: ಉಜ್ಜು, ಒರೆಸು, ಜಿಡ್ಡು ತೆಗೆ, ಆಮೇಲೆ ಬಣ್ಣ.

ನಲವತ್ತಾರನೇ ವಯಸ್ಸಿನಲ್ಲಿ ಅವನ ಕೆನ್ನೆ, ಗದ್ದದ ತುಂಬ ಮೊಡವೆ ಎದ್ದವು.

"ಭಾವ, ವಯಸ್ಸಿಗೆ ಬಂದ್ರಲ್ಲ. ಹೆಣ್ಣು ನೋಡೋಣ್ವಾ?" ಎಂದ ಅದೇ ಗ್ಯಾರೇಜಿನಲ್ಲಿದ್ದ ಭಾಮೈದ, ತಗಡಿನ ತಗ್ಗು ಮುಚ್ಚುವ ಪುಟ್ಟಿ ಕಲಸುತ್ತ.

"ನಿಮ್ಮಕ್ಕನ್ನ ಕೇಳ್ಕೊಂಡು ಬಾ, ಹೋಗು."

ಚರ್ಮದ ಡಾಕ್ಟರಮ್ಮ ಎರಡು ಬರೆದುಕೊಟ್ಟರು: ಮಲಗುವ ಮುಂಚೆ ಬಟಾಣಿ ಕಾಳಿನಷ್ಟು ಹಚ್ಚುವ ರೆಟಿನಾಯ್ಡ್ ಮುಲಾಮು, ಜೊತೆಗೆ ಚರ್ಮ ಒಣಗದಂತೆ ಒಂದು ಮಾಯಿಶ್ಚರೈಸರ್ ಕ್ರೀಮು. ಕೆಂಡಪ್ಪ ಮುಲಾಮು ಕೊಂಡ, ಕ್ರೀಮನ್ನು ಚೀಟಿಯಲ್ಲೇ ಬಿಟ್ಟ. ಜಿಡ್ಡಿನಿಂದ ಬಂದ ರೋಗಕ್ಕೆ ಜಿಡ್ಡೇ ಮದ್ದೇ? ತಗಡಿಗೆ ಮಾಡುವುದನ್ನೇ ಮುಖಕ್ಕೂ ಮಾಡಿದ. ಪಾತ್ರೆ ಸೋಪಿನಲ್ಲಿ ತಿಕ್ಕಿ, ಒರಟು ಟವೆಲ್ಲಿನಲ್ಲಿ ಉಜ್ಜಿ, ದಪ್ಪಗೆ ಎರಡು ಕೋಟು ಮುಲಾಮು.

ಎರಡನೇ ವಾರಕ್ಕೆ ಮುಖ ಹಳೇ ಗೋಡೆಯ ಸುಣ್ಣದಂತೆ ಉದುರತೊಡಗಿತು. ಬಣ್ಣ ಹೊಡೆಯುವಾಗ ಹಾಕುವ ಮಾಸ್ಕಿನ ರಬ್ಬರು ತಾಗಿದರೆ ಮೆಣಸಿನಕಾಯಿ ಅರೆದು ಹಚ್ಚಿದಂತೆ ಉರಿ. ಮಾಸ್ಕಿಲ್ಲದೆ ಬಣ್ಣದ ಕೋಣೆಗೆ ಕಾಲಿಡಬೇಡ ಎಂದ ಮಾಲೀಕ. ಹದಿನೈದು ದಿನದಲ್ಲಿ ಸರಿಹೋಗದಿದ್ದರೆ ಗನ್ನು ಬೇರೆಯವರಿಗೆ ಎಂದೂ ಸೇರಿಸಿದ. ಇಪ್ಪತ್ತು ವರ್ಷ ಹಿಡಿದ ಗನ್ನು. ಕೆಂಡಪ್ಪ ಅದನ್ನು ಮೊಳೆಗೆ ನೇತುಹಾಕಿ, ಹೊರಬಂದು, ನೇರ ಡಾಕ್ಟರಮ್ಮನ ಎದುರು ಕೂತ.

"ಕ್ರೀಮ್ ಯಾಕೆ ಹಚ್ಚಿಲ್ಲ?"

"ಜಿಡ್ಡಿನ ಮೇಲೆ ಏನೂ ಹಿಡಿಯಲ್ಲ ಡಾಕ್ಟ್ರೇ. ಇಪ್ಪತ್ತು ವರ್ಷದಿಂದ ನೋಡಿದೀನಿ."

"ಅದು ತಗಡು, ಇದು ಚರ್ಮ. ಈ ಮುಲಾಮು ಚರ್ಮ ಒಣಗಿಸುತ್ತೆ, ಕ್ರೀಮಿದ್ರೆ ತಡ್ಕೊಳ್ಳುತ್ತೆ. ಒಂದು ವಾರ ಮುಲಾಮು ನಿಲ್ಸಿ, ಬರೀ ಕ್ರೀಮ್ ಹಚ್ಚಿ. ಆಮೇಲೆ ದಿನ ಬಿಟ್ಟು ದಿನ, ಮೊದ್ಲು ಕ್ರೀಮ್, ಅದರ ಮೇಲೆ ಮುಲಾಮು. ಪಾತ್ರೆ ಸೋಪು ಪಾತ್ರೆಗೇ ಇರ್ಲಿ."

"ಹಚ್ತೀನಿ. ಆದ್ರೆ ಸಿಲಿಕೋನ್ ಜಿಡ್ಡು ಇರೋದು ಬೇಡ. ಒಂದು ತೊಟ್ಟು ತಾಗಿದ್ರೆ ನನ್ನ ಬಣ್ಣ ಕೆಡುತ್ತೆ."

ಡಾಕ್ಟರಮ್ಮ ಮೊದಲು ಬರೆದ ಕ್ರೀಮನ್ನು ಹೊಡೆದುಹಾಕಿ ಬೇರೊಂದು ಬರೆದರು.

ಹನ್ನೊಂದು ದಿನ ಅವನ ಜಾಗದಲ್ಲಿ ಭಾಮೈದ ಗನ್ನು ಹಿಡಿದ. ಹತ್ತನೇ ದಿನ ಮಾಲೀಕ, "ಇನ್ಮೇಲೆ ನೀನೇ ಇಟ್ಕೋ" ಎಂದನಂತೆ. "ಆ ಗನ್ನು ಭಾವಂದು. ಅವರು ಬರ್ತಾರೆ" ಎಂದು ಭಾಮೈದ ಬಣ್ಣ ಹೊಡೆಯುವುದನ್ನು ಮುಂದುವರಿಸಿದನಂತೆ. ಈ ಮಾತು ಹೆಂಡತಿಯ ಬಾಯಿಂದ ಕೆಂಡಪ್ಪನ ಕಿವಿಗೆ ಬಿತ್ತು.

ಹನ್ನೆರಡನೇ ದಿನ ಮಾಸ್ಕು ಉರಿಯಿಲ್ಲದೆ ಕೂತಿತು. ಮಧ್ಯಾಹ್ನ ಕೆಂಡಪ್ಪ ಗ್ಯಾರೇಜಿನ ನಟ್ಟನಡುವೆ ನಿಂತು, ಜೇಬಿನಿಂದ ಕ್ರೀಮಿನ ಟ್ಯೂಬು ತೆಗೆದು, ಎಲ್ಲರೆದುರೇ ಮುಖಕ್ಕೆ ಸವರಿಕೊಂಡ. ಯಾರೋ ಕಿಸಕ್ಕೆಂದರು.

"ನೋಡ್ರಪ್ಪ, ಕಣ್ತುಂಬ ನೋಡಿ. ಮುಖ ನಂದು, ಕ್ರೀಮು ನಂದು. ನಗೋರು ಸಾಲಾಗಿ ನಿಂತ್ಕೊಂಡು ನಗಿ."

ಆಮೇಲೆ ಎರಡು ಸಲ ಕೈ ತೊಳೆದು ಕೋಣೆಗೆ ಹೋದ. ಮೊಡವೆ ಇಳಿಯಲು ಮೂರು ತಿಂಗಳು ಬೇಕಾಯಿತು. ಒಂದು ದಿನವೂ ಅವನು ಮರೆಯಲ್ಲಿ ಹಚ್ಚಿಕೊಳ್ಳಲಿಲ್ಲ.

ಒಂದು ಸಂಜೆ ಕೆಂಡಪ್ಪ ಭಾಮೈದನ ಪಕ್ಕ ಟೀ ಲೋಟ ಇಟ್ಟು ಕೂತ.

"ಆ ಹನ್ನೊಂದು ದಿನದ್ದು..."

"ಅದಿರ್ಲಿ ಭಾವ. ಈ ಬಾಗಿಲು ನೋಡಿ, ಪುಟ್ಟಿ ಸರಿಯಾಗಿದ್ಯಾ?"

ಕೆಂಡಪ್ಪ ಅಂಗೈಯಲ್ಲಿ ಸವರಿ ನೋಡಿದ. ಸರಿಯಾಗಿಯೇ ಇತ್ತು.

"ಇನ್ನೊಂದ್ಸಲ ಉಜ್ಜು" ಎಂದು ಎದ್ದುಹೋದ. ಆ ಋಣ ಹಾಗೆಯೇ ಉಳಿಯಿತು.