ಹತ್ತೊಂಬತ್ತು ಮೆಟ್ಟಿಲ ಕೆಳಗೆ ತಾಂತಾ ಫಿನಾ

"ಅಮ್ಮಾ, ತಾಂತಾ ಫಿನಾ ಲೈಬ್ರರಿಗೆ ಬಂದಾಗ ಮಾತ್ರ ಯಾಕೆ ಒಂದೊಂದೇ ಅಕ್ಷರ ಓದ್ತಾರೆ?"

ಮಿರೆಲ್ಲ ಹೀಗೆ ಕೇಳಿದಾಗ ನಾನು ಅವಳ ಕೂದಲ ಸಿಕ್ಕು ಬಿಡಿಸುತ್ತಿದ್ದೆ. ಬಾಚಣಿಗೆ ಕೈಯಲ್ಲಿರುವಾಗ ತಾಯಂದಿರು ಎಂಥ ಉತ್ತರ ಕೊಡುತ್ತಾರೋ ಅಂಥದ್ದನ್ನೇ ಕೊಟ್ಟೆ. ಅವರು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವರು, ನೀನು ತಲೆ ಅಲ್ಲಾಡಿಸಬೇಡ, ಎಂದೆ. ಆರು ವರ್ಷದವರ ಪ್ರಶ್ನೆಯನ್ನು ಪೂರ್ತಿ ಕೇಳಿಸಿಕೊಳ್ಳಬೇಕು ಎನ್ನುವುದನ್ನು ನಾನಿನ್ನೂ ಕಲಿಯುತ್ತಿದ್ದೇನೆ.

ತಾಂತಾ ಫಿನಾಗೆ ಎಪ್ಪತ್ನಾಲ್ಕು. ಪಾರಮಾರಿಬೊ ಪಟ್ಟಣದ ನಮ್ಮ ಬೀದಿಯಲ್ಲಿ ಅವರನ್ನು ತಾಂತಾ, ಅಂದರೆ ಅತ್ತೆ, ಎಂದು ಕರೆಯದವರು ಅವರಿಗಿಂತ ದೊಡ್ಡವರು ಮಾತ್ರ, ಅಂಥವರು ಈಗ ಇಬ್ಬರೋ ಮೂವರೋ. ಐವತ್ತು ವರ್ಷ ಹಬ್ಬದ ಬಟ್ಟೆಗೆ ಮರಗೆಣಸಿನ ಗಂಜಿ ಹಾಕಿ ಬದುಕಿದವರು. ಅವರು ಗಂಜಿ ಹಾಕಿದ ಲಂಗ ತಾನೇ ನಿಲ್ಲುತ್ತದೆ, ಒಳಗೆ ಹೆಂಗಸು ಇರಲೇಬೇಕೆಂದಿಲ್ಲ. ಗಂಜಿಗಿಂತ ಹೆಸರಾದದ್ದು ಅವರು ಕಟ್ಟುವ ಅಂಗಿಸಾ. ಆ ತಲೆವಸ್ತ್ರದ ಒಂದೊಂದು ಮಡಿಕೆಗೂ ಒಂದೊಂದು ಅರ್ಥ. ನಮ್ಮ ಅಜ್ಜಿಯರು ಬಾಯಿಬಿಟ್ಟು ಹೇಳಲಾಗದ್ದನ್ನು ತಲೆಯ ಮೇಲೆ ಕಟ್ಟಿಕೊಂಡು ಬೀದಿಯಲ್ಲಿ ನಡೆದು ಹೋಗುತ್ತಿದ್ದರಂತೆ. "ಮಾತಾಡಿದ್ರೆ ಜಗಳ ಆಗುತ್ತೆ, ಕಟ್ಟಿದ್ರೆ ಸುದ್ದಿ ಆಗುತ್ತೆ" ಎನ್ನುವುದು ತಾಂತಾ ಫಿನಾ ಮಾತು.

ನಾನು ಬಡಾವಣೆಯ ಗ್ರಂಥಾಲಯದಲ್ಲಿ ವಾರಕ್ಕೆ ಮೂರು ಬೆಳಿಗ್ಗೆ ಪುಸ್ತಕ ಕೊಡುವ ಮೇಜಿನಲ್ಲಿ ಕೂರುತ್ತೇನೆ. ರಜೆಯಲ್ಲಿ ಮಿರೆಲ್ಲಳೂ ಜೊತೆಗಿರುತ್ತಾಳೆ. ಬುಧವಾರ ಬಾಗಿಲ ಪಕ್ಕದ ಕಿಟಕಿಯ ಮೇಜು ಮೂವರು ಮುದುಕಿಯರದ್ದು. ಅವರು ಪುಸ್ತಕ ಮುಟ್ಟುವುದಿಲ್ಲ. ಪೇಪರಿನಲ್ಲಿ ಸತ್ತವರ ಪುಟ ಓದುತ್ತಾರೆ, ಅದೂ ಮೂವರೂ ಸೇರಿ. ಆಜಿ ರಾಮ್‌ಕಲಿ ಹಿಂದೂಸ್ತಾನಿ ಮನೆತನದವರು, ನಿವೃತ್ತ ಟೀಚರು. ಪೇಪರಿನ ಡಚ್ ಭಾಷೆ ಅವರಿಗೆ ನೀರು ಕುಡಿದಷ್ಟು ಸುಲಭ, ಆದರೆ ಎರಡೂ ಕಣ್ಣಿಗೆ ಪೊರೆ. ತಾಂತಾ ಫಿನಾ ಕಣ್ಣು ಸೂಜಿಗೆ ದಾರ ಪೋಣಿಸುವಂಥದ್ದು, ಓದು ಮಾತ್ರ ಅಷ್ಟಕ್ಕಷ್ಟೆ. ಹಾಗಾಗಿ ಇವರು ಒಂದೊಂದೇ ಅಕ್ಷರ ಕೂಗುತ್ತಾರೆ, ಅವರು ಕಣ್ಣು ಮುಚ್ಚಿ ಕೂಡಿಸಿ ಪದ ಹೇಳುತ್ತಾರೆ. ಹೆಸರು ಹೊರಬಿದ್ದ ಕೂಡಲೇ ಮೂರನೆಯವರು, ಜಾವಾ ಮೂಲದ ಓಮಾ ವಗಿಯೆಮ್, ಸತ್ತವನು ಯಾರ ಮಗ, ಯಾರನ್ನು ಕಟ್ಟಿಕೊಂಡ, ಯಾರನ್ನು ಕಟ್ಟಿಕೊಳ್ಳಬೇಕಿತ್ತು ಎಂಬುದನ್ನು ಹೇಳುತ್ತಾರೆ. ಒಬ್ಬ ಸತ್ತವನಿಗೆ ಕಾಲು ಗಂಟೆ ಬೇಕು.

"ಬೇಗ ಹೇಳೇ ಫಿನಾ," ಎಂದು ಆಜಿ ಗದರುತ್ತಾರೆ. "ಸತ್ತೋನು ಎದ್ದು ಕೂತುಬಿಟ್ಟಾನು."

"ನಿನ್ನ ಕಣ್ಣಿಗೆ ಪೊರೆ, ನನ್ನ ತಲೆಗೆ ಪೊರೆ. ತಡ್ಕೋ ಟೀಚರಮ್ಮ."

ಪರೀಕ್ಷೆಗೆ ಓದುವ ಹುಡುಗಿಯರು ಈ ಗದ್ದಲದ ಬಗ್ಗೆ ದೂರು ಕೊಟ್ಟರು. ಹೊಸದಾಗಿ ಬಂದಿದ್ದ ಮುಖ್ಯಸ್ಥರು ಮೇನೇರ್ ಎಲ್ಟನ್, ಅಂದರೆ ಎಲ್ಟನ್ ಸಾಹೇಬರು. ಹಾಲೆಂಡಿನಲ್ಲಿ ಓದಿ ಬಂದವರು, ಒಳ್ಳೆಯವರು. ಮುದುಕಿಯರನ್ನು ಬೈಯಲಿಲ್ಲ, ಓಡಿಸಲಿಲ್ಲ. ಅವರಿಗಾಗಿಯೇ ಒಂದು ಕೋಣೆ ಮಾಡಿಸಿದರು. ಮೆತ್ತನೆಯ ಕುರ್ಚಿ, ಫ್ಯಾನು, ದಪ್ಪ ಅಕ್ಷರದ ಪುಸ್ತಕ, ಭೂತಗನ್ನಡಿ, ಮೂರು ಭಾಷೆಗಳಲ್ಲಿ ಕಥೆ ಕೇಳುವ ಯಂತ್ರ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಕೋಣೆ ಮಾತ್ರ ಮಹಡಿಯ ಮೇಲೆ, ಇನ್ನು ಪೇಪರೂ ಅಲ್ಲೇ. ಹತ್ತೊಂಬತ್ತು ಮೆಟ್ಟಿಲು.

ಮಂಡಿನೋವಿನವರು ಹತ್ತಲಾರರು ಎಂದು ನಾನು ಹೇಳಿದೆ. ಹಿಡಿದುಕೊಳ್ಳಲು ಕಂಬಿ ಹಾಕಿಸುತ್ತೇನೆ ಎಂದರು, ಹಾಕಿಸಿದರು ಕೂಡ. ಆಜಿ ರಾಮ್‌ಕಲಿ ಆ ಕಂಬಿ ಹಿಡಿದು ಏಳನೇ ಮೆಟ್ಟಿಲವರೆಗೆ ಹೋಗಿ ಕೂತುಬಿಟ್ಟರು. ದೇವರು ಕರೆದ ದಿನ ಹೇಗಿದ್ದರೂ ಮೇಲೆ ಹತ್ತಬೇಕು, ಪೇಪರಿಗೋಸ್ಕರ ಈಗಲೇ ಬೇಡ ಎಂದು ನಕ್ಕು ಇಳಿದರು. ಮುಂದಿನ ಬುಧವಾರ ಬರಲಿಲ್ಲ. ಅವರ ಮಗನ ಕಾರಿನಲ್ಲೇ ಬರುತ್ತಿದ್ದ ಓಮಾ ವಗಿಯೆಮ್ ಕೂಡ ಬರಲಿಲ್ಲ. ಆಜಿ ಮನೆಯಲ್ಲಿ ಯಾರೊಂದಿಗೂ ಮಾತಾಡದೆ ಗೋಡೆ ನೋಡಿಕೊಂಡು ಕೂತಿರುತ್ತಾರೆ ಎಂದು ಆ ಮಗನೇ ಫೋನಿನಲ್ಲಿ ಹೇಳಿದ.

ತಾಂತಾ ಫಿನಾ ಒಬ್ಬರೇ ಬಂದರು. ತಲೆಯ ಮೇಲೆ ಮೂರು ತುದಿ ಚಾಚಿಕೊಂಡ ಅಂಗಿಸಾ. 'ಆಡಿಕೊಳ್ಳಲಿ ಬಿಡು' ಎನ್ನುವ ಕಟ್ಟು ಅದು. ಮೇನೇರ್ ಎಲ್ಟನ್ ನಮಸ್ಕಾರ ಹೇಳಿ ದಾಟಿ ಹೋದರು. ಮರುವಾರ ಇನ್ನೂ ಖಾರದ ಕಟ್ಟು, 'ಮೂಲೆಯಲ್ಲಿ ಸಿಗು'. ಹಿಂದಿನ ಕಾಲದಲ್ಲಿ ಇದನ್ನು ಕಟ್ಟಿಕೊಂಡ ಹೆಂಗಸಿಗೆ ಯಾರ ಜೊತೆಗೋ ಲೆಕ್ಕ ಚುಕ್ತಾ ಮಾಡುವುದಿದೆ ಎಂದರ್ಥ. ಮೇನೇರ್ ಎಲ್ಟನ್ ಈ ಸಲ ನಿಂತರು. ಎಷ್ಟು ಚೆನ್ನಾಗಿದೆ ಎಂದು ಫೋಟೋ ತೆಗೆದರು. ನನಗೆ ಅರ್ಥ ಗೊತ್ತಿತ್ತು. ಹೇಳಬಹುದಿತ್ತು. ಹೇಳಲಿಲ್ಲ.

ಆ ಫೋಟೋವನ್ನು ಬಾಗಿಲಷ್ಟು ದೊಡ್ಡದು ಮಾಡಿಸಿ ಬೀದಿಗೆ ಕಾಣುವಂತೆ ತೂಗುಹಾಕಿದರು. ಕೆಳಗೆ, ಹಿರಿಯರ ಕೋಣೆಯ ಆರಂಭ, ಬುಧವಾರ ಹತ್ತು ಗಂಟೆ, ಎಲ್ಲರಿಗೂ ಸ್ವಾಗತ.

ಮಾರುಕಟ್ಟೆಗೆ ಸುದ್ದಿ ಹೋಗಲು ಒಂದೇ ಬೆಳಿಗ್ಗೆ ಸಾಕಾಯಿತು. ಫಿನಾ ಜಾಗ, ದಿನ, ಗಂಟೆ ಎಲ್ಲ ಗೊತ್ತುಮಾಡಿ ಯಾರನ್ನೋ ಜಗಳಕ್ಕೆ ಕರೆದಿದ್ದಾಳೆ, ಅದೂ ಸರಕಾರದ ಗೋಡೆಯ ಮೇಲೆ! ಬುಧವಾರ ಒಂಬತ್ತೂವರೆಗೆ ಕೋಲೂರಿಕೊಂಡು, ಮೊಮ್ಮಗಳ ಭುಜ ಹಿಡಿದು, ಇಬ್ಬರು ಗಾಲಿಕುರ್ಚಿಯಲ್ಲಿ, ಒಟ್ಟು ಮೂವತ್ತೇಳು ಮುದುಕಿಯರು ಬಂದರು. ಇಂಥದ್ದನ್ನು ತಪ್ಪಿಸಿಕೊಳ್ಳಬಾರದೆಂದು ಓಮಾ ವಗಿಯೆಮ್, ಆಜಿಯನ್ನು ಹಟ ಮಾಡಿ ಕಾರಿಗೆ ಹತ್ತಿಸಿಕೊಂಡು ಬಂದಿದ್ದರು.

ಮೇನೇರ್ ಎಲ್ಟನ್ ಮೇಲೆ ಕೇಕು, ಭಾಷಣ ಇಟ್ಟುಕೊಂಡು ಕಾಯುತ್ತಿದ್ದರು. ಹತ್ತಾಯಿತು, ಹತ್ತೂ ಕಾಲಾಯಿತು. ಮೇಲೆ ಹೋದವಳು ಮಿರೆಲ್ಲ ಒಬ್ಬಳೇ, ಅದೂ ಕೇಕು ನೋಡಲು. ಕೊನೆಗೆ ಅವರು ಕಂಬಿ ಹಿಡಿದು ಇಣುಕಿದರು. ಕೆಳಗೆ ಮೆಟ್ಟಿಲ ಬುಡದಲ್ಲಿ ಮೂವತ್ತೇಳು ತಲೆಗಳು ಮೇಲೆ ನೋಡುತ್ತಿದ್ದವು. ಎಲ್ಲರ ಮುಂದೆ, ಗೋಡೆ ತಿರುಗುವ ಮೂಲೆಯಲ್ಲಿ ತಾಂತಾ ಫಿನಾ, ಅದೇ ಅಂಗಿಸಾ. ಅವರ ಪಕ್ಕದಲ್ಲಿ ಮೊದಲ ಮೆಟ್ಟಿಲ ಮೇಲೆ ಆಜಿ ರಾಮ್‌ಕಲಿ ಮಂಡಿ ಉಜ್ಜಿಕೊಳ್ಳುತ್ತ ಕೂತಿದ್ದರು.

"ಬನ್ನಿ ಮೇನೇರ್," ಎಂದರು ತಾಂತಾ ಫಿನಾ. "ಮೂಲೆಯಲ್ಲಿ ಸಿಗಿ ಅಂತ ಎರಡು ವಾರದಿಂದ ತಲೆ ಮೇಲೆ ಹೊತ್ಕೊಂಡು ಓಡಾಡ್ತಿದೀನಿ. ನೀವು ಫೋಟೋ ತೆಗೆದ್ರಿ."

ನಗುವಿನ ನಡುವೆ ಒಬ್ಬರು ಅವರಿಗೆ ಅರ್ಥ ಬಿಡಿಸಿ ಹೇಳಿದರು. ಅವರ ಕಿವಿ ಕೆಂಪಾದವು. ಆಜಿಯನ್ನು ನೋಡಿದರು, ಮೆಟ್ಟಿಲು ನೋಡಿದರು, ಕೋಣೆಯೊಳಗೆ ಹೋದರು. ಕೇಕು ಹೊತ್ತು ಇಳಿದು ಬಂದರು.

ಈಗ ಕಂಪ್ಯೂಟರುಗಳೂ ಓದುವ ಹುಡುಗಿಯರೂ ಮೇಲೆ. ಮೆತ್ತನೆಯ ಕುರ್ಚಿ ಕೆಳಗೆ, ಕಿಟಕಿ ಪಕ್ಕದಲ್ಲಿ. ಬುಧವಾರ ಮಧ್ಯಾಹ್ನದವರೆಗೆ ಎಷ್ಟು ಬೇಕಾದರೂ ಗದ್ದಲ ಮಾಡಬಹುದು ಎಂದು ಬೋರ್ಡು ಇದೆ. ಮೇನೇರ್ ಎಲ್ಟನ್ ಈಗ ಯಾರ ತಲೆಯಲ್ಲಿ ಯಾವ ಮಡಿಕೆ ಕಂಡರೂ ಮೊದಲು ನನ್ನ ಮೇಜಿಗೆ ಬಂದು ಪಿಸುಗುಟ್ಟಿ ಕೇಳುತ್ತಾರೆ.

ನಿನ್ನೆ ಪುಸ್ತಕ ಜೋಡಿಸುತ್ತಿದ್ದಾಗ ಮಕ್ಕಳ ಕಪಾಟಿನ ಹಿಂದೆ ಯಾರೋ ಕಥೆ ಓದುವುದು ಕೇಳಿಸಿತು. ಸರಾಗವಾಗಿ, ಹುಲಿ ಬಂದಲ್ಲಿ ಹುಲಿಯ ದನಿ, ಜೇಡ ಬಂದಲ್ಲಿ ಜೇಡದ ದನಿ. ಇಣುಕಿದರೆ ತಾಂತಾ ಫಿನಾ, ಮಡಿಲಲ್ಲಿ ಮಿರೆಲ್ಲ. ನಮ್ಮ ಮನೆಯ ಮೆಟ್ಟಿಲ ಮೇಲೂ ಓದಿ ಹೇಳುತ್ತಾರೆ ಎಂದಳು ಮಗಳು. ಹಾಗಾದರೆ ಬಾಚಣಿಗೆಯ ದಿನ ಅವಳು ಕೇಳಿದ್ದು 'ಲೈಬ್ರರಿಯಲ್ಲಿ ಮಾತ್ರ ಯಾಕೆ' ಎಂದು.

ತಾಂತಾ ಫಿನಾ ಪುಸ್ತಕ ಮುಚ್ಚಿದರು. ಕಿಟಕಿಯ ಕಡೆ ನೋಡಿದರು. ಅಲ್ಲಿ ಆಜಿ ಪೇಪರನ್ನು ಮೇಜಿನ ಮೇಲೆ ಹರಡಿ, ಕೈಯಿಂದ ನೀವಿ, ಕಾಯುತ್ತಿದ್ದರು.

ಎರಡು ವರ್ಷ ಪ್ರತಿ ಬುಧವಾರ ಅವಳ ಬೈಗುಳ ಕೇಳಿ ಕಲಿಯದೆ ಇರುವುದಕ್ಕಾಗುತ್ತದೆಯೇ ಎಂದರು. ಆಮೇಲೆ ನನ್ನ ಕೈ ಹಿಡಿದು, ದನಿ ಇಳಿಸಿ, "ಒಂದು ಉಪಕಾರ ಮಾಡು ಮಗಾ. ನಿನ್ನ ಮಗಳ ಬಾಯಿಗೆ ಸ್ವಲ್ಪ ಗಂಜಿ ಹಾಕು. ನನಗೆ ಓದೋಕೆ ಬರುತ್ತೆ ಅಂತ ಟೀಚರಮ್ಮಂಗೆ ಗೊತ್ತಾಗಬಾರದು."