ಹೆತ್ತೂರಿನ ಏರಿನಲ್ಲಿ ಆಡಿದ ಮಾತು

ಭಾನುವಾರ ಬೆಳಿಗ್ಗೆ ಐದೂವರೆಗೆ ಆಲೂರು ಬಸ್ ನಿಲ್ದಾಣದ ಎದುರು ಸೈಕಲ್ಲುಗಳೊಂದಿಗೆ ಸೇರುವುದೆಂದು ಮಾತಾಗಿತ್ತು. ನಾನು ಐದಕ್ಕೇ ಹೋಗಿ ನಿಂತಿದ್ದೆ. ತಡವಾದರೆ ಬಿಟ್ಟುಹೋದಾರು ಎಂಬ ಭಯ. ಬೇಗ ಹೋದರೆ ಬೀದಿನಾಯಿಗಳ ಭಯ. ವಿಮೆ ಏಜೆಂಟನಾಗಿ ಇಪ್ಪತ್ತೆರಡು ವರ್ಷವಾಯಿತು. ಯಾರಿಗೆ ಯಾವಾಗ ಏನಾಗಬಹುದೆಂದು ಹೇಳಿ ಜನರನ್ನು ಹೆದರಿಸುವ ಕಸುಬು. ಜನ ಅಷ್ಟಾಗಿ ಹೆದರಲಿಲ್ಲ, ನಾನೇ ಹೆದರುತ್ತಾ ಬಂದೆ.

ಮೊದಲು ಬಂದವರು ಸಲೀಂ ಭಾಯ್. ಕಾಫಿ ಬೀಜ ಸಾಗಿಸುವ ಎರಡು ಲಾರಿಗಳ ಮಾಲೀಕರು, ಮನೆಯ ತಾರಸಿಯ ಮೇಲೆ ಪಾರಿವಾಳ ಸಾಕಿದ್ದಾರೆ. ನನ್ನ ಬೆನ್ನಿನ ಚೀಲ ಎತ್ತಿ ನೋಡಿ, "ಏನ್ ಮಂಜಣ್ಣ, ಹೆತ್ತೂರಿಗೆ ಹೋಗ್ತಿದೀವೋ ಕಾಶಿಗೋ?" ಅಂದರು. ಚೀಲದಲ್ಲಿ ಎರಡು ಟ್ಯೂಬು, ಪಂಪು, ಗ್ಲೂಕೋಸು, ಮಳೆಕೋಟು, ಮೂರು ಬಗೆಯ ಮಾತ್ರೆ ಇದ್ದವು. ನಾಲ್ಕನೆಯ ಬಗೆಯದನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೆ, ಅದನ್ನು ಹೇಳಲಿಲ್ಲ.

ಆಮೇಲೆ ಬಸವರಾಜು ಮೇಷ್ಟ್ರು ಬಂದರು. ಕಾಲೇಜಿನಲ್ಲಿ ಪಾಠ, ರಜೆಯಲ್ಲಿ ಹಕ್ಕಿಗಳ ಫೋಟೋ. ಕೊನೆಗೆ ಬಂದವನು ಚಂದ್ರಣ್ಣ. ಪಂಪ್‌ಸೆಟ್ ರಿಪೇರಿಯ ಅಂಗಡಿಯವನು, ನನ್ನ ಓರಗೆಯವನು. ಅವನ ಮನೆಯೂ ಮೇಷ್ಟ್ರ ಮನೆಯೂ ಒಂದೇ ಬೀದಿಯಲ್ಲಿ.

ನಮ್ಮ ಸವಾರಿಗೆ ಎರಡು ಕಟ್ಟಳೆಗಳಿದ್ದವು. ಚಹಾಕ್ಕೆ ನಿಂತಲ್ಲಿ ಒಬ್ಬೊಬ್ಬರೂ ಆ ವಾರ ತಮಗಾದದ್ದನ್ನೋ ತಮ್ಮ ಹವ್ಯಾಸದ ಸಂಗತಿಯನ್ನೋ ಒಂದು ಹೇಳಬೇಕು. ಹೇಳಲು ಏನೂ ಇಲ್ಲದವನು ಹಾಡಬೇಕು. ಮೇಷ್ಟ್ರು ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ನಮ್ಮ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಎರಡನೆಯದು, ಏರಿನಲ್ಲಿ ಅಕ್ಕಪಕ್ಕ ತುಳಿಯುವಾಗ ಆಡಿದ ಮಾತನ್ನು ಚಹಾದ ಮೇಜಿಗೆ ತರಬಾರದು. ಏರಿನಲ್ಲಿ ಸುಳ್ಳು ಹೇಳುವಷ್ಟು ಉಸಿರು ಯಾರಲ್ಲೂ ಇರುವುದಿಲ್ಲ, ಅದಕ್ಕೇ ಈ ನಿಯಮ ಎಂದು ಸಲೀಂ ಭಾಯ್ ಹೇಳುತ್ತಿದ್ದರು.

ಮಳೆಗಾಲ ಆಗಷ್ಟೇ ಮುಗಿದಿತ್ತು. ಮಂಜಿನಲ್ಲಿ ಮುಂದಿನವರ ಹಿಂದೀಪ ಮಾತ್ರ ಕಾಣುತ್ತಿತ್ತು. ಬಾಳ್ಳುಪೇಟೆಗೆ ತಲುಪುವಾಗ ಬೆಳಕಾಯಿತು. ಅಲ್ಲಿ ಇಡ್ಲಿ, ಚಹಾ. ಸಲೀಂ ಭಾಯ್ ಕಳೆದುಹೋದ ಪಾರಿವಾಳವೊಂದು ಒಂಬತ್ತು ದಿನದ ಮೇಲೆ ಹೆಂಡತಿಯನ್ನು ಕಟ್ಟಿಕೊಂಡು ಬಂದ ಕತೆ ಹೇಳಿದರು. ಮೇಷ್ಟ್ರು ಒಂದು ಮಂಗಟ್ಟೆ ಹಕ್ಕಿಗಾಗಿ ನಾಲ್ಕು ತಾಸು ಕೂತು, ಅದು ಬಂದಾಗ ಸೀನಿದ್ದನ್ನು ಹೇಳಿದರು. ಚಂದ್ರಣ್ಣ ಬಾವಿಯ ಪಂಪಿನೊಳಗೆ ಸಿಕ್ಕ ಕಪ್ಪೆಯ ಕತೆ ಹೇಳಿದ. ನಾನು ವಿಮೆ ಮಾಡಿಸಿ, ಮಾಡಿಸಿದ್ದನ್ನೇ ಮರೆತ ಮುದುಕರೊಬ್ಬರ ಕತೆ ಹೇಳಿದೆ. ಆ ವಾರ ನನಗಾದದ್ದು ಅದೊಂದೇ. ಮುಂದಿನ ನಿಲುಗಡೆಗೆ ಏನು ಹೇಳಲಿ ಎಂಬ ಚಿಂತೆ ಅಲ್ಲಿಂದಲೇ ಶುರುವಾಯಿತು. ನನ್ನ ಹವ್ಯಾಸ ಚಿಂತೆ, ಅದನ್ನು ಯಾರೂ ಕೇಳುವುದಿಲ್ಲ.

ಸಕಲೇಶಪುರದಲ್ಲಿ ಹೇಮಾವತಿ ಕೆಂಪಗೆ ತುಂಬಿ ಹರಿಯುತ್ತಿದ್ದಳು. ಸೇತುವೆಯ ಮೇಲೆ ಲಾರಿಗಳ ಸಾಲು ಕಳೆಯಲು ಕಾದು, ಆಮೇಲೆ ಹೆತ್ತೂರಿನ ರಸ್ತೆ ಹಿಡಿದೆವು. ಮುಂದೆ ಮೂವತ್ತು ಕಿಲೋಮೀಟರಿನ ಹತ್ತಿರ ದಾರಿ. ಕಾಫಿ ಗಿಡಗಳ ನಡುವೆ ತಿರುವು, ಏರು, ಮತ್ತೆ ತಿರುವು. ಸಲೀಂ ಭಾಯ್, ಮೇಷ್ಟ್ರು ಮುಂದೆ ಹೋದರು. ನಾನು ಹಿಂದುಳಿದೆ. ಚಂದ್ರಣ್ಣ ನನ್ನ ಜೊತೆಗೇ ಉಳಿದ. ಬೇಕೆಂದರೆ ಅವನು ಇನ್ನೂ ಜೋರಾಗಿ ತುಳಿಯಬಲ್ಲ.

ಹ್ಯಾಂಡಲ್ ಹಿಡಿದ ಅವನ ಬೆರಳ ಸಂದಿಯಲ್ಲಿ ಬಿಳಿ ಪುಡಿ ಅಂಟಿತ್ತು.

"ಏನೋ ಅದು, ಸುಣ್ಣನಾ?"

ಅವನು ಆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಆಮೇಲೆ, "ರಂಗೋಲಿ ಕಣೋ" ಅಂದ. "ನಾಲ್ಕು ತಿಂಗಳಾಯ್ತು. ನಾನೇ ಹಾಕ್ತಿರೋದು."

ಅವನ ಹೆಂಡತಿ ಗಿರಿಜಮ್ಮನವರ ರಂಗೋಲಿ ನಮ್ಮೂರಲ್ಲಿ ಹೆಸರಾದದ್ದು. ಶಾಲೆಯ ವಾರ್ಷಿಕೋತ್ಸವಕ್ಕೂ ಅವರನ್ನೇ ಕರೆಯುತ್ತಿದ್ದರು. ಮೈಸೂರಿನ ನೆಂಟರ ಮನೆಗೆ ಹೋಗಿ ಒಂದು ತಿಂಗಳು ಇದ್ದು ಬಂದರು ಎಂದಷ್ಟೇ ನಮಗೆ ಗೊತ್ತಿತ್ತು. ಅಲ್ಲಿ ಅವರಿಗೆ ಸ್ಟ್ರೋಕ್ ಆಗಿತ್ತಂತೆ. ಬಲಗೈ ಏಳುವುದಿಲ್ಲ.

"ಸೆರಗಲ್ಲಿ ಮುಚ್ಕೊಂಡ್ ಓಡಾಡ್ತಾಳೆ. ಬೀದಿಯೋರಿಗೆ ಗೊತ್ತಾಗ್ಬಾರ್ದು ಅಂತ. ಪಾಪ ಅನ್ನಿಸ್ಕೊಳ್ಳೋದು ಅವಳಿಗಾಗಲ್ಲ. ನಾಲ್ಕೂವರೆಗೆ ನಾನು ಬಾಗ್ಲಲ್ಲಿ ಕೂರ್ತೀನಿ, ಅವಳು ಕಿಟಕಿಲಿ ನಿಂತು ಹೇಳ್ತಾಳೆ. 'ಪಂಪ್ ಬಿಚ್ತಿದೀರೇನ್ರೀ, ಎಳೆ ಸಣ್ಣಗೆ ಬಿಡಿ' ಅಂತ ಬೈತಾಳೆ." ಅವನು ನಕ್ಕ. "ಮೊನ್ನೆ ಒಂದು ಕಮಲ ಸರಿಯಾಗಿ ಬಂತು ನೋಡು. ಮೇಷ್ಟ್ರ ಹೆಂಡತಿ ಬಂದು, 'ಗಿರಿಜಕ್ಕ, ಇದ್ನ ನಂಗೂ ಹೇಳ್ಕೊಡಿ' ಅಂದ್ರಂತೆ. ಅವತ್ತಿಡೀ ದಿನ ಅವಳ ಮುಖ ನೋಡ್ಬೇಕಿತ್ತು."

"ಬಿಪಿ ಮಾತ್ರೆ ತಪ್ಪಿಸ್ತಿಲ್ಲ ತಾನೆ?" ಅಂದೆ. ನನ್ನಿಂದ ಬರುವ ಸಾಂತ್ವನ ಅಷ್ಟೇ.

ಹೆತ್ತೂರು ತಲುಪುವಾಗ ಹನ್ನೊಂದೂವರೆ. ಸಣ್ಣ ಹೋಟೆಲಿನಲ್ಲಿ ಅಕ್ಕಿರೊಟ್ಟಿ, ಕಾಯಿಚಟ್ನಿ. ಸಲೀಂ ಭಾಯ್ ಹೇಳಿದರು, ಮೇಷ್ಟ್ರು ಹೇಳಿದರು. ಚಂದ್ರಣ್ಣ ಸಡಿಲವಾದ ಪೆಡಲು ಬಿಗಿಸಲು ಹೊರಗೆ ಹೋದ. ನನ್ನ ಸರದಿ ಬಂತು.

"ನನ್ನ ಹತ್ರ ಏನೂ ಇಲ್ಲ."

"ಹಂಗಾದ್ರೆ ಹಾಡು ಮಾರಾಯ!" ಸಲೀಂ ಭಾಯ್ ಮೇಜು ಕುಟ್ಟಿದರು. ಪಕ್ಕದ ಮೇಜಿನಲ್ಲಿ ಕೂತಿದ್ದ, ಕಾಫಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಇಬ್ಬರು ತಿರುಗಿ ನೋಡಿದರು. ಮೇಷ್ಟ್ರು ಮೊಬೈಲ್ ಎತ್ತಿ ನನ್ನತ್ತ ಹಿಡಿದೇ ಇದ್ದರು. ಐವತ್ತೊಂದು ವರ್ಷದ ಗಂಡಸು ಹೋಟೆಲಿನಲ್ಲಿ ಹಾಡುವುದಕ್ಕಿಂತ ದೊಡ್ಡ ಅನಾಹುತ ಆ ಗಳಿಗೆಯಲ್ಲಿ ನನಗೆ ಇನ್ನೊಂದು ಕಾಣಲಿಲ್ಲ.

"ನಮ್ಮ ಚಂದ್ರಣ್ಣ ದಿನಾ ರಂಗೋಲಿ ಬಿಡ್ತಾನೆ, ಗೊತ್ತೇನು?" ಅಂದುಬಿಟ್ಟೆ.

ಅವರು ನಕ್ಕರು. ರೈಟರುಗಳೂ ನಕ್ಕರು. ಇಷ್ಟು ವರ್ಷದಲ್ಲಿ ನನ್ನ ಮಾತಿಗೆ ಅಷ್ಟು ನಗು ಬಂದದ್ದು ಅದೇ ಮೊದಲು. ನನಗೆ ಹಿತವೂ ಆಯಿತು, ಅದನ್ನು ಮುಚ್ಚಿಡಲಾರೆ. "ಬಳೆ ಹಾಕ್ಕಂಡೋ, ಹಂಗೇನೋ?" ಅಂದರು ಸಲೀಂ ಭಾಯ್. ನಗು ಎಲ್ಲಿಗೋ ಹೋಗುತ್ತಿದೆ ಎನಿಸಿ ಗಾಬರಿಯಾಯಿತು. ಗೆಳೆಯನ ಮಾನ ಉಳಿಸಲು ಹೊರಟೆ.

"ನಗಬೇಡ್ರಪ್ಪ. ಗಿರಿಜಮ್ಮನಿಗೆ ಸ್ಟ್ರೋಕ್ ಆಗಿ ಬಲಗೈ ಹೋಗ್ಬುಟ್ಟಿದೆ. ಯಾರಿಗೂ ಗೊತ್ತಾಗ್ಬಾರ್ದು ಅಂತ ಪಾಪ ಇವನು ಕತ್ತಲಲ್ಲೇ ಎದ್ದು ಹಾಕ್ತಾನೆ."

ನಗು ನಿಂತಿತು. ನಗುವಿನಲ್ಲಿ ಗುಂಡಿ ಒತ್ತಲು ತಡಮಾಡಿದ್ದ ಮೇಷ್ಟ್ರ ಹೆಬ್ಬೆರಳು ಮಾತ್ರ 'ನಗಬೇಡ್ರಪ್ಪ'ದಿಂದ ಮುಂದಿನದನ್ನು ಹಿಡಿದು, ಅಭ್ಯಾಸಬಲದಿಂದ ಗುಂಪಿಗೆ ಕಳಿಸಿಯೂ ಬಿಟ್ಟಿತ್ತು. ಬಾಗಿಲಲ್ಲಿ ಚಂದ್ರಣ್ಣ ಸ್ಪ್ಯಾನರ್ ಹಿಡಿದು ನಿಂತಿದ್ದ.

ಗುಂಪಿನಲ್ಲಿ ನಾವು ನಾಲ್ವರಷ್ಟೇ ಇದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾವು ಎಲ್ಲಿದ್ದೇವೆ, ಬದುಕಿದ್ದೇವೋ ಇಲ್ಲವೋ ಮನೆಯವರಿಗೆ ತಿಳಿಯಲಿ ಎಂದು ನಾಲ್ವರ ಹೆಂಡತಿಯರನ್ನೂ ಹಟ ಹಿಡಿದು ಸೇರಿಸಿದವನು ನಾನೇ. ಮೇಷ್ಟ್ರು ಅಳಿಸಲು ಹೋದರು. ಬೆಳಿಗ್ಗೆಯಿಂದ ಸತಾಯಿಸುತ್ತಿದ್ದ ನೆಟ್‌ವರ್ಕ್ ಆಗ ಚೆನ್ನಾಗಿತ್ತು. ಅಳಿಸುವಷ್ಟರಲ್ಲಿ ಮೂವರು ನೋಡಿ ಆಗಿತ್ತು.

ಚಂದ್ರಣ್ಣನ ಫೋನ್ ಬಡಿಯಿತು, ಗಿರಿಜಮ್ಮನವರದು. ಅವನು ಅಂಗಳಕ್ಕಿಳಿದು ಮಾತಾಡಿದ. ನಾನು ಹಿಂದೆಯೇ ಹೋಗಿ ನಿಂತೆ.

"ಏನಂದ್ರು?"

"ಬೈಲಿಲ್ಲ," ಅಂದ. "'ಅವರೆಲ್ಲ ನಕ್ಕರಾ?' ಅಂತ ಕೇಳಿದ್ಲು."

"ನೀನೇನಂದೆ?"

"ಇಲ್ಲ ಅಂದೆ." ಸ್ಪ್ಯಾನರನ್ನು ಚೀಲಕ್ಕೆ ಹಾಕಿ ಹೆಲ್ಮೆಟ್ಟಿನ ಪಟ್ಟಿ ಬಿಗಿದ. "ಅದು ಏರಲ್ಲಿ ಆಡಿದ್ದು, ಮಂಜಣ್ಣ."

ನನ್ನನ್ನು ಅವನು ಮಂಜಣ್ಣ ಎಂದು ಕರೆದವನಲ್ಲ. ಶಾಲೆಯ ದಿನಗಳಿಂದ ಮಂಜನೇ.

ಅವನು ಇಳಿಜಾರು ಹಿಡಿದ. ನಾನೂ ಬೆನ್ನು ಹತ್ತಿದೆ. ಅವನು ಬ್ರೇಕ್ ಮುಟ್ಟುತ್ತಿರಲಿಲ್ಲ, ನಾನು ಬಿಡುತ್ತಿರಲಿಲ್ಲ. ಪ್ರತಿ ತಿರುವಿನಲ್ಲೂ ಅವನು ಬಿದ್ದಿರುತ್ತಾನೆಂದು ಇಣುಕಿದೆ, ಖಾಲಿ ರಸ್ತೆ. ಸಕಲೇಶಪುರದ ಬಸ್ ನಿಲ್ದಾಣಕ್ಕೆ ನಾನು ಬರುವಾಗ ಆಲೂರಿನ ಮೇಲೆ ಹಾಸನಕ್ಕೆ ಹೋಗುವ ಖಾಸಗಿ ಬಸ್ಸೊಂದರ ಮೇಲೆ ಅವನ ಸೈಕಲ್ಲನ್ನು ಕಟ್ಟುತ್ತಿದ್ದರು. ಸೈಕಲ್ಲಿಗೆ ಐವತ್ತು ರೂಪಾಯಿ ಬೇರೆ ಎಂದು ಕಂಡಕ್ಟರ್ ಹೇಳುತ್ತಿದ್ದ. ಚಂದ್ರಣ್ಣ ಕಿಟಕಿಯ ಪಕ್ಕ ಕೂತಿದ್ದ.

"ಚಂದ್ರ, ನಾನೂ ಬರ್ತೀನಿ. ಗಿರಿಜಮ್ಮನ ಹತ್ರ ನಾನೇ ಮಾತಾಡ್ತೀನಿ."

"ಬೇಡ," ಅಂದ. "ನೀನು ಇನ್ನು ಮಾತಾಡ್ಬೇಡ ಮಾರಾಯ."

ಬಸ್ಸು ಹೊರಟಿತು. ಸಲೀಂ ಭಾಯ್, ಮೇಷ್ಟ್ರು ಒಂದು ಗಂಟೆಯ ಮೇಲೆ ಬಂದರು. ಮೂವರೂ ಆಲೂರಿನ ದಾರಿ ಹಿಡಿದೆವು. ಬಾಳ್ಳುಪೇಟೆಯಲ್ಲಿ ಯಾರೂ ಚಹಾಕ್ಕೆ ನಿಲ್ಲಿಸಲಿಲ್ಲ. ಸಲೀಂ ಭಾಯ್ ಒಮ್ಮೆ, "ನಾನೂ ನಗಬಾರ್ದಿತ್ತು" ಅಂದರು. ನನ್ನ ತಪ್ಪಿನಲ್ಲಿ ಪಾಲು ತೆಗೆದುಕೊಳ್ಳಲು ಬಂದರು; ಅದರಿಂದ ನನ್ನ ಭಾರವೇನೂ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಆರಕ್ಕೆ ಚಂದ್ರಣ್ಣನ ಮನೆಗೆ ಹೋದೆ. ಕ್ಷಮೆ ಕೇಳುವ ಮಾತನ್ನು ದಾರಿಯುದ್ದಕ್ಕೂ ನಾಲ್ಕು ಬಗೆಯಲ್ಲಿ ಜೋಡಿಸಿದ್ದೆ. ಅವನ ಬಾಗಿಲ ಮುಂದೆ ಬೀದಿಯ ಐದಾರು ಹೆಂಗಸರು ಬಗ್ಗಿ ಕೂತಿದ್ದರು. ಬಾಗಿಲಿನಿಂದ ರಸ್ತೆಯ ಅಂಚಿನವರೆಗೆ ಕೆಂಪು, ಹಳದಿ, ನೀಲಿ ತುಂಬಿದ ರಂಗೋಲಿ, ಹಬ್ಬಕ್ಕೂ ಅಷ್ಟು ದೊಡ್ಡದನ್ನು ನಾನು ಕಂಡಿರಲಿಲ್ಲ. ಮೇಷ್ಟ್ರ ಹೆಂಡತಿ ಲಲಿತಮ್ಮ ಎದ್ದು ಸೊಂಟ ಹಿಡಿದುಕೊಂಡರು.

"ದಿನಕ್ಕೊಬ್ಬರು ಬಂದು ಹಾಕೋದು ಅಂತ ಮಾಡ್ಕೊಂಡಿದೀವಿ ಕಣ್ರೀ. ಪಾಪ, ಗಿರಿಜಕ್ಕ ಎಷ್ಟು ದಿನದಿಂದ ಒಳಗೊಳಗೇ ನುಂಗ್ಕೊಂಡಿದ್ರೋ! ನೀವು ಹೇಳಿದ್ದೇ ಒಳ್ಳೇದಾಯ್ತು ಬಿಡಿ."

ಕಿಟಕಿ ಮುಚ್ಚಿತ್ತು. ಬಾಗಿಲೂ ಮುಚ್ಚಿತ್ತು. ಒಳಗೆ ಪಾತ್ರೆಯ ಸದ್ದಾಗಿ ನಿಂತಿತು. ನಾನು ಸೈಕಲ್ ಹಿಡಿದು ಒಂದಷ್ಟು ಹೊತ್ತು ರಸ್ತೆಯಲ್ಲೇ ನಿಂತೆ. ಆ ರಂಗೋಲಿಯನ್ನು ತುಳಿಯದೆ ಹೋಗಿ ಕದ ತಟ್ಟಲು ಒಂದು ಹೆಜ್ಜೆಯಷ್ಟೂ ಜಾಗವಿರಲಿಲ್ಲ.